ಮ್ಯೂನಿಕ್ ಬಿಯರ್ ಗಾರ್ಡನ್: ಊಟದ ಡಬ್ಬಿ ತನ್ನಿ, ಮಗ್ಗಿನ ಗೆರೆ ನೋಡಿ

ಹಾಂ, ರೆಕಾರ್ಡ್ ಆಗ್ತಿದೆ. ಎಲ್ಲರಿಗೂ ನಮಸ್ಕಾರ. ಹಿಂದೆ ಕಾಣ್ತಿರೋ ಈ ಮರದ ಗೋಪುರ ಇದೆಯಲ್ಲ, ಇದೇ ಕಿನೇಸಿಶರ್ ಟುರ್ಮ್, ಅಂದ್ರೆ ಚೀನೀ ಗೋಪುರ. ಜರ್ಮನಿಯ ಮ್ಯೂನಿಕ್ ಊರ ನಡುವಿನ ಇಂಗ್ಲಿಷರ್ ಗಾರ್ಟನ್ ಪಾರ್ಕ್ ಒಳಗಿದೀವಿ. ಗೋಪುರ 25 ಮೀಟರ್ ಎತ್ತರ. ಲಂಡನ್ನಿನ ಕ್ಯೂ ಗಾರ್ಡನ್ಸ್‌ನ ಪಗೋಡಾ ನೋಡಿ 1790ರ ಹೊತ್ತಿಗೆ ಕಟ್ಟಿದ್ದು. ಈಗ ನಾವು ನೋಡ್ತಿರೋದು ಅದಲ್ಲ. ಅದು 1944ರ ಬಾಂಬ್ ದಾಳಿಯಲ್ಲಿ ಸುಟ್ಟು ಹೋಯ್ತು, ಇದು 1952ರಲ್ಲಿ ಅದೇ ಥರ ಮತ್ತೆ ಕಟ್ಟಿದ್ದು. ಮೇಲೆ ಊದ್ತಾ ಇದಾರಲ್ಲ, ಅದು ಬ್ಯಾಂಡ್. ಸ್ವಲ್ಪ ಹೊತ್ತು ನನ್ನ ಮಾತು ಕೇಳಿಸದೆ ಇದ್ರೆ ಅವರೇ ಕಾರಣ.

ಗೋಪುರದ ಸುತ್ತ ಇರೋದೇ ಬಿಯರ್ ಗಾರ್ಡನ್, ಅಂದ್ರೆ ಮರದ ನೆರಳಲ್ಲಿ ಕೂತು ಬಿಯರ್ ಕುಡಿಯೋ ಬಯಲು ಜಾಗ. ಸುಮಾರು ಏಳು ಸಾವಿರ ಜನ ಕೂರೋವಷ್ಟು ಬೆಂಚುಗಳು. ಹೌದು, ಏಳು ಸಾವಿರ. ಭಾನುವಾರ ಬಿಸಿಲು ಬಿದ್ರೆ ಅಷ್ಟೂ ತುಂಬುತ್ತೆ. ನೇರವಾಗಿ ಹೇಳ್ತೀನಿ, ಶನಿವಾರ ಭಾನುವಾರ ಮಧ್ಯಾಹ್ನ ಇಲ್ಲಿಗೆ ಬರಬೇಡಿ. ಪ್ರವಾಸಿಗಳ ಜಾತ್ರೆ. ಹಿರ್ಶ್‌ಗಾರ್ಟನ್ ಅನ್ನೋ ಇನ್ನೊಂದು ಬಿಯರ್ ಗಾರ್ಡನ್‌ಗೆ ಹೋಗಿ, ಅದು ಇದಕ್ಕಿಂತ ದೊಡ್ಡದು, ಅಲ್ಲಿ ಊರಿನವರೇ ಜಾಸ್ತಿ.

ಈಗ ಕೂರೋ ಜಾಗ. ಇಲ್ಲಿ ನೋಡಿ, ಈ ಟೇಬಲ್ ಮೇಲೆ ಬಟ್ಟೆ ಹಾಸಿದೆ. ಆ ಕಡೆ ಟೇಬಲ್ ಬರೀ ಹಲಗೆ. ಬಟ್ಟೆ ಹಾಸಿರೋ ಕಡೆ ಸರ್ವರ್ ಬರ್ತಾರೆ, ಆರ್ಡರ್ ತಗೋತಾರೆ, ಅಲ್ಲಿ ನಿಮ್ಮ ಡಬ್ಬಿ ತೆಗೆಯೋ ಹಾಗಿಲ್ಲ. ಬರೀ ಹಲಗೆ ಇರೋ ಕಡೆ ಸೆಲ್ಫ್ ಸರ್ವೀಸ್. ಅಲ್ಲಿ ಮನೆಯಿಂದ ತಂದ ಊಟ ಧಾರಾಳವಾಗಿ ತಿನ್ನಬಹುದು, ಕುಡಿಯೋದನ್ನ ಮಾತ್ರ ಅವರಲ್ಲೇ ಕೊಳ್ಳಬೇಕು. ನೀರಿನ ಬಾಟಲ್, ಜ್ಯೂಸ್ ಕೂಡ ಹೊರಗಿಂದ ತಂದು ಕುಡಿಯೋದು ಸರಿಯಲ್ಲ. ಬೆಂಚು ಯಾರಪ್ಪನ ಸ್ವತ್ತೂ ಅಲ್ಲ, ಎಂಟು ಜನರ ಟೇಬಲ್‌ನಲ್ಲಿ ಇಬ್ಬರೇ ಕೂತಿದ್ರೆ ಖಾಲಿ ಇದೆಯಾ ಅಂತ ಕೇಳಿ ಕೂತ್ಕೊಳ್ಳಿ. ಕೇಳದೆ ಕೂರಬೇಡಿ.

ಈ ಡಬ್ಬಿ ಪದ್ಧತಿ ಅಂಗಡಿಯವರ ಔದಾರ್ಯ ಅಲ್ಲ. ಇಲ್ಲಿ 16ನೇ ಶತಮಾನದಿಂದ ಬಿಯರ್ ತಯಾರಿಸೋಕೆ ಅನುಮತಿ ಇದ್ದದ್ದು ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ. ಬೇಸಿಗೆಯಲ್ಲಿ ಒಲೆ ಉರಿಸಿದ್ರೆ ಬೆಂಕಿ ಅನಾಹುತ, ಬಿಯರ್ ಕೂಡ ಹಾಳಾಗ್ತಿತ್ತು. ಹಾಗಾಗಿ ಚಳಿಗಾಲದಲ್ಲಿ ಮಾಡಿದ್ದನ್ನ ನೆಲಮಾಳಿಗೆಯಲ್ಲಿ ಐಸ್ ಜೊತೆ ಇಡೋರು. ಮಾಳಿಗೆ ಮೇಲಿನ ನೆಲ ಕಾಯಬಾರದು ಅಂತ ಜಲ್ಲಿ ಹರಡಿ ಈ ಮರ ನೆಟ್ರು. ತಲೆ ಎತ್ತಿ ನೋಡಿ, ಹಾರ್ಸ್ ಚೆಸ್ಟ್‌ನಟ್. ಒಂದು ತೊಟ್ಟಿಗೆ ಐದೋ ಏಳೋ ಎಲೆ ಬೆರಳು ಬಿಡಿಸಿದ ಹಾಗೆ ಹರಡಿರುತ್ತೆ, ಬಿಸಿಲು ತೂರಲ್ಲ. ಬೇರು ಆಳಕ್ಕೆ ಇಳಿಯಲ್ಲ, ಹಾಗಾಗಿ ಮಾಳಿಗೆ ಕಮಾನು ಒಡೆಯಲ್ಲ. ಜನ ಆ ನೆರಳಲ್ಲೇ ಕೂತು ಕುಡಿಯೋಕೆ ಶುರು ಮಾಡಿದ್ರು. ಊರೊಳಗಿನ ಹೋಟೆಲ್‌ನವರು ವ್ಯಾಪಾರ ಹೋಯ್ತು ಅಂತ ರಾಜನ ಹತ್ರ ದೂರು ಕೊಟ್ರು. 1812ರಲ್ಲಿ ರಾಜ ಮ್ಯಾಕ್ಸಿಮಿಲಿಯನ್ ಜೋಸೆಫ್ ಒಂದು ಆಜ್ಞೆ ಹೊರಡಿಸಿದ: ಬಿಯರ್ ಮಾರಿ, ಬ್ರೆಡ್ ಮಾರಿ, ಬೇರೆ ತಿಂಡಿ ಮಾರಬೇಡಿ. ಆಗ ಜನ ಬುತ್ತಿ ತರೋಕೆ ಶುರು ಮಾಡಿದ್ರು. ಮ್ಯೂನಿಕ್ ಇರೋ ರಾಜ್ಯ ಬವೇರಿಯಾ, ಅಲ್ಲಿನ ಸರ್ಕಾರದ 1999ರ ನಿಯಮದಲ್ಲೂ ಅದಕ್ಕೆ ಜಾಗ ಇದೆ, ಸ್ವಂತ ಬುತ್ತಿ ತಿನ್ನೋಕೆ ಬಿಟ್ರೇನೇ ಅದು ಬಿಯರ್ ಗಾರ್ಡನ್. ಅದೇ ನಿಯಮದಲ್ಲಿ ರಾತ್ರಿ ಹತ್ತಕ್ಕೆ ಸಂಗೀತ ಬಂದ್, ಹತ್ತೂವರೆಗೆ ಕೊನೇ ಆರ್ಡರ್, ಹನ್ನೊಂದಕ್ಕೆ ಎದ್ದು ಹೋಗಬೇಕು.

ಇದು ನಮ್ಮ ಸಸ್ಯಾಹಾರಿಗಳಿಗೆ ಎಷ್ಟು ದೊಡ್ಡ ವರ ಗೊತ್ತಾ? ಕೌಂಟರ್ ಕಡೆ ಕ್ಯಾಮೆರಾ ತಿರುಗಿಸ್ತೀನಿ. ಅರ್ಧ ಕೋಳಿ, ಹಂದಿ ಮೊಣಕಾಲು, ಸಾಸೇಜ್. ಅದರ ಪಕ್ಕದಲ್ಲಿ ಪಾಪದ ಹಾಗೆ ಕೂತಿರೋ ಆಲೂಗಡ್ಡೆ ಸಲಾಡ್ ನೋಡಿ ಮೋಸ ಹೋಗಬೇಡಿ. ಬವೇರಿಯಾದ ಪದ್ಧತಿಯಲ್ಲಿ ಅದಕ್ಕೆ ಮಯೋನೀಸ್ ಅಲ್ಲ, ಬಿಸಿ ಮಾಂಸದ ಸಾರು ಹಾಕ್ತಾರೆ. ಹುಳಿ ಕೋಸಿನಲ್ಲಿ ಬೇಕನ್ ಚೂರು ಇರಬಹುದು. ಪ್ರೆಟ್ಜೆಲ್‌ಗೂ ಕೆಲವು ಬೇಕರಿಯವರು ಹಂದಿ ಕೊಬ್ಬು ಸೇರಿಸ್ತಾರೆ, ಕೇಳಿಯೇ ತಗೊಳ್ಳಿ. ಇಷ್ಟೆಲ್ಲ ಕೇಳೋ ಬದಲು ಪುಳಿಯೋಗರೆ ಡಬ್ಬಿ ತನ್ನಿ. ಯಾರೂ ಏನೂ ಅನ್ನಲ್ಲ.

ಊರಿನವರ ಥರವೇ ತಿನ್ನಬೇಕು ಅಂದ್ರೆ ಬ್ಯಾಗಲ್ಲಿ ಒಂದು ಹಲಗೆ, ಚಾಕು, ಉಪ್ಪು, ಹಾಸೋಕೆ ಬಟ್ಟೆ. ಮಾರ್ಕೆಟ್‌ನಿಂದ ಬಿಳಿ ಮೂಲಂಗಿ. ಅದನ್ನ ಸುರುಳಿಯಾಗಿ ತೆಳ್ಳಗೆ ಕೊಯ್ದು, ಪದರದ ನಡುವೆ ಉಪ್ಪು ಉದುರಿಸಿ ಹತ್ತು ನಿಮಿಷ ಬಿಡಬೇಕು. ಕೋಸಂಬರಿಯ ಸೌತೆಕಾಯಿ ನೀರು ಬಿಡೋ ಹಾಗೆ ಬಿಡುತ್ತೆ, ಖಾರ ಇಳಿಯುತ್ತೆ. ತಕ್ಷಣ ತಿಂದ್ರೆ ಮೂಗಿಗೆ ಹೊಡೆಯುತ್ತೆ. ಇನ್ನೊಂದು ಒಬಾಟ್ಸ್‌ಡ, ಅಂದ್ರೆ ಮಸಾಲೆ ಹಾಕಿ ಕಿವುಚಿದ ಚೀಸ್. 250 ಗ್ರಾಂ ಚೆನ್ನಾಗಿ ಮಾಗಿದ ಕ್ಯಾಮೆಂಬೆರ್ ಚೀಸ್, 50 ಗ್ರಾಂ ಮೆತ್ತಗಾದ ಬೆಣ್ಣೆ, ಒಂದು ಚಮಚ ಸಿಹಿ ಪ್ಯಾಪ್ರಿಕಾ ಪುಡಿ, ಶಾಜೀರಿಗೆ, ಒಂದೆರಡು ಚಮಚ ಬಿಯರ್. ಫೋರ್ಕ್‌ನಲ್ಲಿ ಕಿವುಚಿ, ಮಿಕ್ಸಿಗೆ ಹಾಕಿದ್ರೆ ಪೇಸ್ಟ್ ಆಗಿ ಹಾಳಾಗುತ್ತೆ. ಈರುಳ್ಳಿ ಮಾತ್ರ ತಿನ್ನೋ ಹೊತ್ತಿಗೆ ಸೇರಿಸಿ, ಮೊದಲೇ ಕಲೆಸಿಟ್ರೆ ಕಹಿ ಬರುತ್ತೆ. ಚೀಸ್‌ನಲ್ಲಿ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರಬಹುದು ಅನ್ನೋದು ಕಟ್ಟುನಿಟ್ಟಿನವರ ಗಮನಕ್ಕೆ. ಮೈಕ್ರೋಬಿಯಲ್ ರೆನೆಟ್ ಅಂತ ಲೇಬಲ್ ಇರೋದು ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತೆ.

ಬಂತು, ಬಂತು. ಬಿಯರ್ ಕೌಂಟರ್. ಇಲ್ಲಿ ಹೋಫ್‌ಬ್ರಾಯ್ ಬಿಯರ್. ಒಂದು ಮಸ್ ಅಂದ್ರೆ ಪೂರ್ತಿ ಒಂದು ಲೀಟರ್, ಬೆಲೆ ಹತ್ತು ಯೂರೋ ದಾಟಿದೆ. ಮೇಲೆ ಮಗ್ಗಿಗೆ ಡಿಪಾಸಿಟ್, ಅದನ್ನ ಫಾಂಡ್ ಅಂತಾರೆ. ಬಿಸಿಲಲ್ಲಿ ಅಭ್ಯಾಸ ಇಲ್ಲದವರು ರಾಡ್ಲರ್ ತಗೊಳ್ಳಿ, ಅರ್ಧ ಬಿಯರ್, ಅರ್ಧ ನಿಂಬೆ ಸೋಡಾ. ಆಲ್ಕೋಹಾಲ್ ಬೇಡದವರಿಗೆ ಆಪಲ್ ಜ್ಯೂಸ್‌ಗೆ ಸೋಡಾ ಬೆರೆಸಿದ ಆಪ್‌ಫೆಲ್‌ಶೋರ್ಲೆ ಇದೆ.

ಈಗ ಬೆಲೆ ವಿಷಯ, ಇದನ್ನ ಬಿಡಲ್ಲ ನಾನು. ಕ್ಯಾಮೆರಾ ಹತ್ರ ತರ್ತೀನಿ. ಮಗ್ಗಿನ ಮೇಲ್ಭಾಗದಲ್ಲಿ, ಹಿಡಿ ಹತ್ರ, ಗಾಜಿನಲ್ಲಿ ಒಂದು ಸಣ್ಣ ಅಡ್ಡ ಗೆರೆ. ಪಕ್ಕದಲ್ಲಿ ‘1 ಲೀ.’ ಅಂತ ಗುರುತು. ಬಿಯರ್ ಈ ಗೆರೆ ಮುಟ್ಟಬೇಕು. ನೊರೆ ಅಲ್ಲ, ಬಿಯರ್. ನೊರೆಗೆ ಗೆರೆಯ ಮೇಲೆ ಬೇರೆ ಜಾಗ ಇದೆ. ಎಲ್ಲ ಬಿಯರ್ ಗಾರ್ಡನ್‌ಗಳಲ್ಲೂ ರಶ್ ಇದ್ದಾಗ ಇದೇ ಗೋಳು. ಕೊಳಾಯಿ ಜೋರಾಗಿ ಬಿಟ್ಟು ಸಾಲಾಗಿ ಮಗ್ಗು ತುಂಬಿಸ್ತಾರೆ, ಅರ್ಧ ನೊರೆ ಎದ್ದಿರುತ್ತೆ, ಕೊಡೋವಾಗ ತುಂಬಿದ ಹಾಗೆ ಕಾಣುತ್ತೆ. ಟೇಬಲ್‌ಗೆ ಬಂದು ಎರಡು ನಿಮಿಷ ಆದ್ಮೇಲೆ ನೋಡಿದ್ರೆ ಎರಡು ಬೆರಳು ಕೆಳಗೆ. ಲೆಕ್ಕ ಹಾಕಿ: 100 ಮಿಲಿ ಕಮ್ಮಿ ಆದ್ರೆ ಒಂದು ಯೂರೋಗೂ ಜಾಸ್ತಿ ಹೋಯ್ತು. ನಾಲ್ಕು ಜನ ಎರಡೆರಡು ಮಗ್ ಕುಡಿದ್ರೆ ಅರ್ಧ ಡಜನ್ ಪ್ರೆಟ್ಜೆಲ್ ಅಲ್ಲದಿದ್ರೂ ಒಂದು ದೊಡ್ಡ ಪ್ರೆಟ್ಜೆಲ್ ದುಡ್ಡು ಆರಾಮಾಗಿ ಹೋಯ್ತು. ಮೇಲಿಂದ ಬಗ್ಗಿ ನೋಡಿದ್ರೆ ಗೊತ್ತಾಗಲ್ಲ, ಗಾಜು ದಪ್ಪ ಇದೆ. ಮಗ್ಗನ್ನ ಸಮತಟ್ಟಾದ ಕಡೆ ಇಟ್ಟು, ಕಣ್ಣನ್ನ ಗೆರೆ ಮಟ್ಟಕ್ಕೆ ತನ್ನಿ. ಕಮ್ಮಿ ಇದ್ರೆ ಒಂದು ಗುಟುಕೂ ಕುಡಿಯದೆ ವಾಪಸ್ ತಗೊಂಡು ಹೋಗಿ ‘ಬಿಟ್ಟೆ ನಾಖ್‌ಶೆಂಕನ್’ ಅನ್ನಿ, ಅಂದ್ರೆ ದಯವಿಟ್ಟು ಇನ್ನಷ್ಟು ಹಾಕಿ ಅಂತ. ಸಂಕೋಚ ಬೇಡ. ಇಲ್ಲಿನ ಹಿರಿಯರೂ ಹೀಗೇ ಕೇಳಿ ಹಾಕಿಸ್ಕೋತಾರೆ. ಕುಡಿದ ಮೇಲೆ ಕೇಳಿದ್ರೆ ಮಾತ್ರ ಯಾರೂ ನಂಬಲ್ಲ.

ಅದಕ್ಕೇ ನನಗೆ ಮಣ್ಣಿನ ಮಗ್ ಇಷ್ಟ ಇಲ್ಲ. ತಣ್ಣಗೆ ಇಡುತ್ತೆ, ಒಪ್ತೀನಿ, ಆದ್ರೆ ಒಳಗೆ ಎಷ್ಟಿದೆ ಅಂತ ಹೊರಗಿಂದ ಕಾಣೋದೇ ಇಲ್ಲ. ಗಾಜಿನದೇ ಸರಿ. ಖಾಲಿ ಮಗ್ಗೇ ಒಂದು ಕಿಲೋ ಮೇಲಿದೆ, ಹಿಡಿಯೊಳಗೆ ನಾಲ್ಕೂ ಬೆರಳು ತೂರಿಸಿ ಹಿಡೀರಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಂದ್ರೆ ಮಗ್ ಮೇಲೆ ರಟ್ಟಿನ ಕೋಸ್ಟರ್ ಮುಚ್ಚಿ. ಕಣಜ ಬಂದು ಬೀಳುತ್ತೆ, ನೋಡದೆ ಕುಡಿದ್ರೆ ಗಂಟಲೊಳಗೆ ಕಚ್ಚುತ್ತೆ. ಅದು ತಮಾಷೆ ವಿಷಯ ಅಲ್ಲ.

ಅಂದ ಹಾಗೆ, ಪಿಯುಸಿ ಫಿಸಿಕ್ಸ್ ಓದಿದವರಿಗೆ ಒಂದು ಮಾತು. ಫಿರಂಗಿ ಕೊಳವೆ ಕೊರೆಯುವಾಗ ಶಾಖ ಹುಟ್ಟುತ್ತೆ, ಶಾಖ ಅನ್ನೋದು ದ್ರವ ಅಲ್ಲ ಅಂತ ತೋರಿಸಿದ ಕೌಂಟ್ ರಮ್‌ಫೋರ್ಡ್ ನೆನಪಿದಾನಾ? ಪ್ರಯೋಗ ಮಾಡಿದ್ದು ಇದೇ ಮ್ಯೂನಿಕ್‌ನಲ್ಲಿ. 1789ರಲ್ಲಿ ಈ ಪಾರ್ಕ್ ಹುಟ್ಟಿದ್ದೂ ಆತನ ಯೋಜನೆಯಿಂದಲೇ. ಹುಟ್ಟಿದ್ದು ಅಮೆರಿಕದಲ್ಲಿ, ನಿಜ ಹೆಸರು ಬೆಂಜಮಿನ್ ಥಾಂಪ್ಸನ್, ಕೆಲಸ ಬವೇರಿಯಾ ದೊರೆಯ ಹತ್ರ. ಪಠ್ಯಪುಸ್ತಕದಲ್ಲಿ ಎರಡು ಸಾಲು ಓದಿ ಮುಂದೆ ಹೋಗೋ ಮನುಷ್ಯ ಇಷ್ಟು ದೊಡ್ಡ ಸಾರ್ವಜನಿಕ ಜಾಗ ಬಿಟ್ಟು ಹೋಗಿದಾನೆ, ಗೌರವ ಬರುತ್ತೆ. ಬ್ಯಾಂಡ್ ನಿಲ್ತು, ಬೇಗ ಮುಗಿಸ್ತೀನಿ.

ಮೊದಲು ಬರಬೇಡಿ ಅಂದಿದ್ನಲ್ಲ, ಅದನ್ನ ಸ್ವಲ್ಪ ತಿದ್ದುತೀನಿ. ವಾರದ ದಿನ, ಹನ್ನೊಂದೂವರೆ ಹೊತ್ತಿಗೆ, ಗೋಪುರದ ಕಾಲಬುಡದಲ್ಲಿ ಅಲ್ಲ, ಅಂಚಿನ ಮರಗಳ ಕೆಳಗೆ ಕೂತ್ರೆ ಇದರಷ್ಟು ಸೊಗಸಾದ ಜಾಗ ಊರಲ್ಲಿ ಇನ್ನೊಂದಿಲ್ಲ. ಮಕ್ಕಳಿದ್ರೆ ಪಕ್ಕದಲ್ಲೇ 1913ರ ಮರದ ತಿರುಗುಬಂಡಿ ಇದೆ. ಜುಲೈ ಮೂರನೇ ಭಾನುವಾರ ಬಂದ್ರಂತೂ ಬೆಳಗ್ಗೆ ಆರಕ್ಕೇ ಇಲ್ಲಿ ಕೋಖರ್ಲ್‌ಬಾಲ್. ಹಿಂದೆ ಅಡುಗೆಯವರು, ಮನೆಗೆಲಸದವರು ಯಜಮಾನರು ಏಳೋ ಮೊದಲು ಬಂದು ಕುಣಿದು ಹೋಗ್ತಿದ್ದ ನೃತ್ಯ. 1904ರಲ್ಲಿ ನಿಲ್ಲಿಸಿದ್ರು, 1989ರಲ್ಲಿ ಮತ್ತೆ ಶುರುವಾಯ್ತು. ಈ ಒಂದು ಭಾನುವಾರಕ್ಕೆ ನನ್ನ ಭಾನುವಾರದ ನಿಯಮ ಅನ್ವಯ ಆಗಲ್ಲ, ಆದ್ರೆ ಟೇಬಲ್ ಬೇಕಂದ್ರೆ ಕತ್ತಲಲ್ಲೇ ಬನ್ನಿ.

ಹೊರಡೋವಾಗ ಮಗ್ ಮತ್ತು ಡಿಪಾಸಿಟ್ ಟೋಕನ್ ಎರಡನ್ನೂ ವಾಪಸಾತಿ ಕೌಂಟರ್‌ಗೆ ಕೊಡಿ. ಟೋಕನ್ ಜೇಬಲ್ಲೇ ಉಳಿದ್ರೆ ದುಡ್ಡು ಬರಲ್ಲ, ಟೋಕನ್ ಇದ್ದು ಮಗ್ ಟೇಬಲ್ ಮೇಲೆ ಬಿಟ್ರೂ ಬರಲ್ಲ. ಮಗ್ಗನ್ನ ನೆನಪಿಗೆ ಅಂತ ಬ್ಯಾಗ್‌ಗೆ ಹಾಕೋಬೇಡಿ, ಡಿಪಾಸಿಟ್ ಕಟ್ಟಿದ ಮಾತ್ರಕ್ಕೆ ಅದು ನಿಮ್ಮದಾಗಲ್ಲ, ಅದು ಕಳ್ಳತನವೇ. ಕೈಯಲ್ಲಿ ಒಂದಿಷ್ಟು ನಗದು ಇಟ್ಕೊಳ್ಳಿ. 54 ಇಲ್ಲ 154 ಬಸ್ ಹತ್ತಿದ್ರೆ ಗೋಪುರದ ಹೆಸರಿನ ಸ್ಟಾಪ್‌ನಲ್ಲೇ ಇಳಿಸುತ್ತೆ. ಮೆಟ್ರೋ ಆದ್ರೆ ಯು3 ಅಥವಾ ಯು6, ಗಿಸೆಲಾಸ್ಟ್ರಾಸೆಯಲ್ಲಿ ಇಳಿದು ಪಾರ್ಕ್ ಒಳಗೆ ನಡೀರಿ. ಸೈಕಲ್‌ನಲ್ಲಿ ಬಂದವರು ಮಸ್ ಕುಡಿದ ಮೇಲೆ ತಳ್ಕೊಂಡೇ ಹೋಗಿ, ಕುಡಿದು ಸೈಕಲ್ ಓಡಿಸಿದ್ರೂ ಇಲ್ಲಿ ಪೊಲೀಸರು ಬಿಡಲ್ಲ.