ಮಗುವಿನ ಕಾಲ ಮೇಲೊಂದು ಗೆರೆ

ಕೇಳುಗರಿಗೆ ನಮಸ್ಕಾರ. ಮಗುವಿನ ಕಾಲಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು ಅಂದರೆ ನಮ್ಮ ಅಜ್ಜಿಯರ ಬಾಯಲ್ಲಿ ಮೊದಲು ಬರುವುದು ಸರ್ಪಸುತ್ತಿನ ಹೆಸರು. ಪಕ್ಕದ ಮನೆಯ ಮರಾಠಿ ಕಾಕು ‘ನಾಗೀಣ’ ಅನ್ನುತ್ತಾರೆ. ನಮ್ಮ ಮುಂಬೈ ಕಡೆ ಡೊಂಬಿವಲಿ ಇರಲಿ, ಮುಲುಂಡ್ ಇರಲಿ, ಇಬ್ಬರೂ ಒಂದಾದರೆ ಸಂಜೆಯೊಳಗೆ ಕೆಮ್ಮಣ್ಣು ಕಲಸಿ ಹಚ್ಚಿ ಆಗಿರುತ್ತದೆ!

ಸರ್ಪಸುತ್ತಿನಲ್ಲಿ ನೀರುಗುಳ್ಳೆ ಇರುತ್ತದೆ, ಸಾಮಾನ್ಯವಾಗಿ ಉರಿಯೂ ಇರುತ್ತದೆ. ನಾನು ಹೇಳುತ್ತಿರುವ ಗೆರೆಯಲ್ಲಿ ನೀರಿಲ್ಲ, ನೋವಿಲ್ಲ, ತುರಿಕೆಯೂ ಅಷ್ಟಾಗಿ ಇಲ್ಲ. ಮಗು ಆಡಿಕೊಂಡೇ ಇರುತ್ತದೆ. ಸ್ನಾನ ಮಾಡಿಸುವಾಗ ಅಮ್ಮನ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಇದರ ಹೆಸರು ಲೈಕೆನ್ ಸ್ಟ್ರಯಾಟಸ್. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ, ಒಂದೇ ಕೈಗೋ ಒಂದೇ ಕಾಲಿಗೋ ಬರುತ್ತದೆ. ಕೆಲವು ದಿನ, ಕೆಲವು ವಾರ ಗೆರೆ ಉದ್ದವಾಗುತ್ತಲೇ ಹೋಗುತ್ತದೆ. ದಿಗಿಲು ಹುಟ್ಟುವುದು ಆಗಲೇ. ನಮ್ಮ ಮೈಬಣ್ಣಕ್ಕೆ ಅದು ಬೆಳ್ಳಗೆ ಕಾಣುವುದರಿಂದ ತೊನ್ನಿನ ಭಯ ಬೇರೆ.

ಗೆರೆಯಾಗಿಯೇ ಏಕೆ? 1901ರಲ್ಲಿ ಆಲ್ಫ್ರೆಡ್ ಬ್ಲಾಷ್ಕೊ ಎಂಬ ಜರ್ಮನ್ ವೈದ್ಯರು ಗೆರೆಗೆರೆಯಾಗಿ ಬರುವ ಚರ್ಮರೋಗಗಳನ್ನು ರೋಗಿಗಳಲ್ಲಿ ನೋಡಿ ನಕ್ಷೆ ಬರೆದರು. ಆ ಗೆರೆಗಳು ನರದ ಹಾದಿಗೂ ಹೊಂದಲಿಲ್ಲ, ರಕ್ತನಾಳದ ಹಾದಿಗೂ ಹೊಂದಲಿಲ್ಲ. ಅವು ಮಗು ಹೊಟ್ಟೆಯಲ್ಲಿರುವಾಗ ಚರ್ಮದ ಜೀವಕೋಶಗಳು ಬೆಳೆಯುತ್ತಾ ಸಾಗಿದ ದಾರಿಗಳು. ಕೈಕಾಲಿನಲ್ಲಿ ಉದ್ದಕ್ಕೆ ಇಳಿಯುತ್ತವೆ, ಬೆನ್ನಿನ ನಡುವೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಬಾಗುತ್ತವೆ. ನಿಮ್ಮ ಮೈಯಲ್ಲೂ ಇವೆ, ನನ್ನ ಮೈಯಲ್ಲೂ ಇವೆ. ಸುಮ್ನೆ ನೋಡಿದರೆ ಕಾಣುವುದಿಲ್ಲ. ಲೈಕೆನ್ ಸ್ಟ್ರಯಾಟಸ್ ಈ ದಾರಿ ಹಿಡಿದೇ ಬರುತ್ತದೆ, ಅದಕ್ಕೇ ಗೆರೆಯಾಗಿ ಕಾಣುತ್ತದೆ.

ಇದು ಅಂಟುರೋಗವಲ್ಲ. ‘ವಾಸಿಯಾದ ಮೇಲೆ ಕಳಿಸಿ’ ಅಂತ ಶಾಲೆಯವರು ಹೇಳಿದರೆ ಒಪ್ಪಬೇಡಿ. ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ತಾನಾಗಿಯೇ ಹೋಗುವ ಗೆರೆ ಇದು. ಅಷ್ಟು ದಿನ ಮನೆಯಲ್ಲಿ ಕೂರಿಸಲಾದೀತೇ? ಗುಳ್ಳೆ ಹೋದ ಮೇಲೂ ಬಿಳಿ ಕಲೆ ಇನ್ನಷ್ಟು ಕಾಲ ಉಳಿಯಬಹುದು. ಗೆರೆ ಬೆರಳ ತುದಿ ಮುಟ್ಟಿದರೆ ಉಗುರು ಸೀಳುವುದೂ ಉಂಟು. ಅದೂ ನಿಧಾನಕ್ಕೆ ಸರಿಹೋಗುತ್ತದೆ.

ನನಗೆ ಸಿಟ್ಟು ಬರುವುದು ಟ್ಯೂಬಿನ ವಿಷಯಕ್ಕೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆಯೇ ಒಂದು ಮುಲಾಮು ಕೊಡುತ್ತಾರೆ. ಅದರಲ್ಲಿ ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯೋಟಿಕ್ ಮೂರೂ ಬೆರೆತಿರುತ್ತವೆ. ತಿಂಗಳುಗಟ್ಟಲೆ ಹಚ್ಚಿದರೆ ಎಳೆಯ ಚರ್ಮ ತೆಳುವಾಗುತ್ತದೆ. ಮುಂಬೈಯ ಈ ಬೆವರಿನಲ್ಲಿ ಹುಳುಕಡ್ಡಿಗೇನೂ ಕಮ್ಮಿಯಿಲ್ಲ, ಅಲ್ವಾ? ಅದಕ್ಕೆ ಇದನ್ನು ಹಚ್ಚಿದರೆ ತುರಿಕೆ ತಗ್ಗುತ್ತದೆ, ರೋಗ ಹಬ್ಬುತ್ತದೆ. ನಮ್ಮ ಗೆರೆಗೆ ತುರಿಕೆ ಜಾಸ್ತಿ ಇದ್ದರೆ ಯಾವ ಮುಲಾಮು, ಎಷ್ಟು ದಿನ ಅನ್ನುವುದನ್ನು ವೈದ್ಯರೇ ಹೇಳಲಿ. ಇಲ್ಲದಿದ್ದರೆ ಏನೂ ಹಚ್ಚಬೇಕಿಲ್ಲ.

ಆದರೂ ಒಮ್ಮೆ ಚರ್ಮವೈದ್ಯರಿಗೆ ತೋರಿಸಿಬಿಡಿ. ಮಳೆಗಾಲದಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಸುಟ್ಟಂತೆ ಗೆರೆ ಎದ್ದು ಉರಿದರೆ ಅದು ಮೈಮೇಲೆ ಜಜ್ಜಿಹೋದ ಹುಳುವಿನ ರಸ ಇರಬಹುದು. ಬಿಳಿ ಮಚ್ಚೆಯ ಮೇಲೆ ಮುಟ್ಟಿದ್ದು ಮಗುವಿಗೆ ಗೊತ್ತಾಗದಿದ್ದರೆ ಮಾತ್ರ ತಡಮಾಡಬೇಡಿ. ಅದು ಕುಷ್ಠವಿರಬಹುದು. ಅದಕ್ಕೆ ಗುಣಪಡಿಸುವ ಔಷಧಿ ಇದೆ, ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ.