ಮರವಾದ ಪಿಕ್ಟೋರ್

ಕೇಳುಗರಿಗೆಲ್ಲ ನಮಸ್ಕಾರ.

ಜರ್ಮನ್ ರಾಕ್ ಅಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಸ್ಕಾರ್ಪಿಯನ್ಸ್. ಇನ್ನೂ ಸ್ವಲ್ಪ ಜಾಸ್ತಿ ಕೇಳಿದವರು ಕ್ರಾಫ್ಟ್‌ವರ್ಕ್, ಟ್ಯಾಂಜರಿನ್ ಡ್ರೀಮ್ ಹೆಸರು ಹೇಳುತ್ತಾರೆ. ಇವತ್ತು ನಾನು ಮಾತಾಡಲಿರುವ ಬ್ಯಾಂಡ್ ಆ ಸಾಲಿನಲ್ಲಿ ಬರುವುದು ಅಪರೂಪ. ಹೆಸರು ಎನಿವನ್ಸ್ ಡಾಟರ್. ಸ್ಟುಟ್‌ಗಾರ್ಟ್‌ನವರು. ಗಿಟಾರ್ ನುಡಿಸುವ ಊವೆ ಕಾರ್ಪಾ, ಕೀಬೋರ್ಡಿನ ಮಥಿಯಾಸ್ ಉಲ್ಮರ್ ಸೇರಿ 1972ರಲ್ಲಿ ಕಟ್ಟಿದ್ದು. ಡೀಪ್ ಪರ್ಪಲ್ ತಂಡದ ಒಂದು ಹಾಡಿನ ಹೆಸರನ್ನೇ ಎತ್ತಿ ಬ್ಯಾಂಡಿಗೆ ಇಟ್ಟುಬಿಟ್ಟರು.

1979ರಲ್ಲಿ ಇವರ ಮೊದಲ ಆಲ್ಬಂ ಬಂತು, 'ಅಡೋನಿಸ್'. ಅದು ಇಂಗ್ಲಿಷಿನಲ್ಲಿತ್ತು. 1981ರ ಹೊತ್ತಿಗೆ ಕಾಲ ಬದಲಾಗಿತ್ತು. ಪಂಕ್ ಅನ್ನುವ ಒರಟು ರಾಕ್ ಬಂದು ಹೋಗಿತ್ತು, ಜರ್ಮನಿಯಲ್ಲಿ ಹೊಸ ಅಲೆಯ ಚುಟುಕು ಹಾಡುಗಳ ಭರಾಟೆ ಶುರುವಾಗಿತ್ತು. ಇವರು ನುಡಿಸುತ್ತಿದ್ದ ಪ್ರೊಗ್ರೆಸಿವ್ ರಾಕ್, ಅಂದರೆ ಉದ್ದುದ್ದ ರಚನೆಗಳ ರಾಕ್, ಯಾರಿಗೆ ಬೇಕಿತ್ತು ಹೇಳಿ? ಇವರು ಅದೇ ವರ್ಷ ಆಲ್ಬಂ ತುಂಬ ಒಂದೇ ಕಥೆ ಹೇಳಿದರು. ಅದೂ ಜರ್ಮನ್ ಭಾಷೆಯಲ್ಲಿ, ಲೇಖಕ ಹರ್ಮನ್ ಹೆಸ್ಸೆಯ ಕಥೆ. ಕಥೆಯ ಹೆಸರೇ ಆಲ್ಬಂ ಹೆಸರು: 'ಪಿಕ್ಟೋರ್ಸ್ ಫೆರ್ವಾಂಡ್ಲುಂಗನ್', ಅಂದರೆ ಪಿಕ್ಟೋರನ ರೂಪಾಂತರಗಳು.

ಹೆಸ್ಸೆ ಹುಟ್ಟಿದ ಕಾಲ್ವ್ ಊರು ಸ್ಟುಟ್‌ಗಾರ್ಟ್‌ಗೆ ದೂರವೇನಲ್ಲ. ನಮಗೂ ಹೆಸ್ಸೆ ತೀರಾ ಹೊರಗಿನವರಲ್ಲ. ಅವರ ತಾಯಿ, ಹೆಸರು ಮರೀ, ಹುಟ್ಟಿದ್ದು ಕೇರಳದ ತಲಚೇರಿಯಲ್ಲಿ. ಹೆಸ್ಸೆಯ ತಾತ ಅಂದರೆ ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್. ಮಂಗಳೂರಿನಲ್ಲಿ ಅಚ್ಚುಕೂಟ, ಹೆಂಚಿನ ಕಾರ್ಖಾನೆ ನಡೆಸಿದ ಅದೇ ಬಾಸೆಲ್ ಮಿಷನ್ನಿನ ಮನೆತನ ಅದು.

ಈಗ ಕಥೆಗೆ ಬರೋಣ. ಹೆಸ್ಸೆ ಇದನ್ನು ಬರೆದದ್ದು 1922ರಲ್ಲಿ. ತಾವೇ ಬಣ್ಣದ ಚಿತ್ರ ಬಿಡಿಸಿ, ಕೈಯಾರೆ ಪ್ರತಿ ಮಾಡಿ ಕೊಡುತ್ತಿದ್ದರು. ಪಿಕ್ಟೋರ್ ಅನ್ನುವವನು ಸ್ವರ್ಗದ ತೋಟಕ್ಕೆ ಬರುತ್ತಾನೆ. ಅಲ್ಲಿ ಒಂದು ಮರ, ಅದು ಗಂಡೂ ಹೌದು, ಹೆಣ್ಣೂ ಹೌದು. ಹಕ್ಕಿ ಹೂವಾಗುತ್ತದೆ, ಹೂವು ಚಿಟ್ಟೆಯಾಗುತ್ತದೆ, ಕೊನೆಗೆ ಕೆಂಪು ಹರಳಾಗುತ್ತದೆ. ಹಾವು ಬಂದು ಪಿಸುಗುಟ್ಟುತ್ತದೆ: ಈ ಕಲ್ಲು ಹಿಡಿದರೆ ಬೇಕಾದ ರೂಪ ಸಿಗುತ್ತದೆ, ಬೇಗ ಕೇಳು. ಇವನು ಗಡಿಬಿಡಿಯಲ್ಲಿ ಮರವಾಗಬೇಕು ಅಂದುಬಿಡುತ್ತಾನೆ. ಆಗಿಯೂ ಹೋಗುತ್ತಾನೆ. ಮೊದಮೊದಲು ಖುಷಿಯೋ ಖುಷಿ. ಆಮೇಲೆ ನೋಡಿದರೆ ತೋಟದಲ್ಲಿ ಎಲ್ಲವೂ ಬದಲಾಗುತ್ತಲೇ ಇದೆ, ತಾನೊಬ್ಬನೇ ನಿಂತಲ್ಲೇ ನಿಂತು ಮುದಿಯಾಗುತ್ತಿದ್ದಾನೆ. ಯಾಕಂದರೆ ಅವನು ಅರ್ಧ ಮಾತ್ರ. ಜೋಡಿ ಇಲ್ಲ. ಒಂದು ದಿನ ಹುಡುಗಿಯೊಬ್ಬಳು ಆ ಮರದ ಕೆಳಗೆ ಬಂದು ಕೂರುತ್ತಾಳೆ. ಹಕ್ಕಿ ಅವಳಿಗೆ ಆ ಹರಳನ್ನು ತಂದು ಹಾಕುತ್ತದೆ. ಅವಳು ಮರದಲ್ಲಿ ಒಂದಾಗುತ್ತಾಳೆ. ಆಮೇಲೆ ಇಬ್ಬರಿಗೂ ಮತ್ತೆ ರೂಪ ಬದಲಿಸುವ ಶಕ್ತಿ.

ಇಂಥ ಕಥೆಯನ್ನು ಹಾಡು ಮಾಡಿದ್ದರೆ ಹಾಳಾಗುತ್ತಿತ್ತು ಅಂತ ನನ್ನ ಅನಿಸಿಕೆ. ಪ್ರಾಸಕ್ಕೆ ಸಿಕ್ಕಿ ಹೆಸ್ಸೆಯ ಮಾತು ನಲುಗುತ್ತಿತ್ತು. ಇವರು ಬೇರೆ ದಾರಿ ಹಿಡಿದರು. ಬಾಸ್ ಗಿಟಾರಿನ ಹರಾಲ್ಡ್ ಬಾರೆತ್ ಕಥೆಯನ್ನು ಬಹುಪಾಲು ಓದುತ್ತಾರೆ. ನಾಟಕವಿಲ್ಲ, ಗಂಟಲು ಹರಿಯುವುದಿಲ್ಲ. ಹರಿಕಥೆಯಲ್ಲಿ ದಾಸರ ಮಾತು ನಿಂತಲ್ಲಿ ಪಕ್ಕವಾದ್ಯ ಎತ್ತಿಕೊಳ್ಳುವುದಿಲ್ಲವೇ, ಹಾಗೆ ಮಾತು ನಿಂತಲ್ಲಿ ಬ್ಯಾಂಡ್ ಮುಂದುವರಿಸುತ್ತದೆ. ರೂಪಾಂತರ ಆಯಿತು ಅಂತ ಓದುವ ದನಿ ಹೇಳಿ ಸುಮ್ಮನಾಗುತ್ತದೆ. ಅದು ಹೇಗಾಯಿತು ಅನ್ನುವುದನ್ನು ಉಲ್ಮರ್‌ನ ಸಿಂಥಸೈಜರ್, ಕಾರ್ಪಾನ ಗಿಟಾರ್ ತೋರಿಸುತ್ತವೆ.

ಇನ್ನೊಂದು ವಿಷಯ. ಇದು ಸ್ಟುಡಿಯೋದಲ್ಲಿ ತುಂಡು ತುಂಡಾಗಿ ಜೋಡಿಸಿದ್ದಲ್ಲ. ವೇದಿಕೆಯ ಮೇಲೆ, ಜನರ ಮುಂದೆ ನುಡಿಸಿದ್ದನ್ನೇ ಹಿಡಿದಿಟ್ಟದ್ದು. ಅದಕ್ಕೇ ಇರಬೇಕು, ಇಡೀ ಕೃತಿ ಒಂದೇ ಉಸಿರಿನಲ್ಲಿ ಸಾಗುತ್ತದೆ. ಎಲ್‌ಪಿ ಇದ್ದವರಿಗೆ ಮಾತ್ರ ನಡುವೆ ಎದ್ದು ತಟ್ಟೆ ಮಗುಚುವ ಕೆಲಸ ಇತ್ತು!

ತಕರಾರೇ ಇಲ್ಲ ಅಂತಲ್ಲ. ಕೆಲವು ಕಡೆ ಕೀಬೋರ್ಡ್ ತನ್ನ ಪಾಡಿಗೆ ತಾನು ಓಡುತ್ತದೆ, ಕಥೆ ಕಾಯುತ್ತಾ ನಿಲ್ಲುತ್ತದೆ. ಜರ್ಮನ್ ಬಾರದವರಿಗೆ ಓದಿನ ಭಾಗ ಉದ್ದ ಅನ್ನಿಸಬಹುದು. ಆದರೆ ಕಥೆ ಈಗ ನಿಮಗೆ ಗೊತ್ತಾಯಿತಲ್ವಾ? ಆ ದನಿಯನ್ನೂ ಒಂದು ವಾದ್ಯ ಅಂದುಕೊಂಡು ಕೇಳಿ. ಹಿಡಿಸಿದರೆ 1982ರ 'ಇನ್ ಬ್ಲೌ' ಕೂಡ ಹುಡುಕಿ. ಅದೂ ಜರ್ಮನ್ನಿನಲ್ಲೇ ಇದೆ, ಆದರೆ ಅಲ್ಲಿ ಬಾರೆತ್ ಓದುವುದಕ್ಕಿಂತ ಹಾಡುವುದೇ ಹೆಚ್ಚು. ನಮಸ್ಕಾರ.