ಕೂದಲು ಕೀಳುವ ಪುಟ್ಟ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆರಳು ಚೀಪುವ ಮಗು, ಉಗುರು ಕಚ್ಚುವ ಮಗು ಓಣಿಗೊಂದಾದರೂ ಇರುತ್ತದೆ. ಅದರ ಬಗ್ಗೆ ತಾಯಂದಿರು ಕಟ್ಟೆ ಮೇಲೆ ಕೂತು ಆರಾಮಾಗಿ ಮಾತಾಡುತ್ತಾರೆ. ಆದರೆ ತನ್ನ ತಲೆಗೂದಲನ್ನು ತಾನೇ ಕಿತ್ತುಕೊಳ್ಳುವ ಮಗು ಮನೆಯಲ್ಲಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ತಲೆಗೆ ಬಟ್ಟೆ ಕಟ್ಟಿ ಕರೆತರುತ್ತಾರೆ. ಬಾಗಿಲು ಹಾಕಿದ ಮೇಲೆ ಬಿಚ್ಚಿ ತೋರಿಸುತ್ತಾರೆ. ವಿಜಯಪುರ ಜಿಲ್ಲೆಯಲ್ಲಿ ಇಂಥ ಮಕ್ಕಳ ಜೊತೆ ಕೆಲಸ ಮಾಡುವವಳು ನಾನು. ಇವತ್ತು ಅವರ ಬಗ್ಗೆಯೇ ಮಾತಾಡುತ್ತೇನೆ.

ಸಿಂದಗಿ ಕಡೆಯ ಒಂದು ಹುಡುಗಿ. ನಾಲ್ಕು ವರ್ಷ. ಬಲಗಿವಿಯ ಮೇಲೆ ಅಂಗೈ ಅಗಲ ಕೂದಲಿಲ್ಲ. ಅವ್ವನ ತೊಡೆ ಮೇಲೆ ಕೂತು ಮೊಬೈಲ್ ನೋಡುತ್ತಿದ್ದಳು. ಎಡಗೈ ಹೆಬ್ಬೆರಳು ಬಾಯಲ್ಲಿತ್ತು. ಬಲಗೈ ಮೆಲ್ಲಗೆ ಮೇಲೆ ಹೋಯಿತು. ಒಂದು ಎಳೆ ಹಿಡಿದಳು, ಬೆರಳಿಗೆ ಸುತ್ತಿದಳು, ಟಕ್ಕನೆ ಕಿತ್ತಳು. ಕಿತ್ತ ಕೂದಲನ್ನು ಮೇಲ್ದುಟಿಗೆ ಸವರಿಕೊಂಡಳು. ಅವ್ವ ಕೈ ಮೇಲೆ ಒಂದೇಟು ಹಾಕಿ, "ಎಷ್ಟ್ ಸಲ ಹೇಳ್ಬೇಕು ನಿನಗ" ಎಂದರು. ಹುಡುಗಿ ಬೆಚ್ಚಿಬಿದ್ದು ತನ್ನ ಕೈಯನ್ನೇ ನೋಡಿಕೊಂಡಳು. ಅದು ಯಾವಾಗ ತಲೆಗೆ ಹೋಗಿತ್ತೋ ಅವಳಿಗೇ ಗೊತ್ತಿರಲಿಲ್ಲ.

ನಾನು ಹೇಳಬೇಕಾದದ್ದೆಲ್ಲ ಇದರಲ್ಲೇ ಇದೆ. ತನಗೇ ಗೊತ್ತಾಗದೆ ಮಾಡುವ ಕೆಲಸಕ್ಕೆ ಹೊಡೆದರೆ ಮಗು ಬಿಡುವುದನ್ನು ಕಲಿಯುವುದಿಲ್ಲ. ಮುಚ್ಚಿಟ್ಟು ಮಾಡುವುದನ್ನು ಕಲಿಯುತ್ತದೆ. ಹಗಲು ಕಿತ್ತುಕೊಳ್ಳುತ್ತಿದ್ದದ್ದು ರಾತ್ರಿ ಕೌದಿಯೊಳಗೆ ಶುರುವಾಗುತ್ತದೆ. ಹಟವಲ್ಲ ಇದು, ಕೆಟ್ಟ ಬುದ್ಧಿಯೂ ಅಲ್ಲ.

ವೈದ್ಯರು ಇದನ್ನು ಟ್ರೈಕೊಟಿಲೊಮೇನಿಯಾ ಎನ್ನುತ್ತಾರೆ. ಫ್ರಾನ್ಸಿನ ಚರ್ಮವೈದ್ಯ ಹ್ಯಾಲೊಪೊ 1889ರಲ್ಲಿ ಇಟ್ಟ ಹೆಸರು. ಟಿವಿ, ಮೊಬೈಲ್ ಹುಟ್ಟುವ ಎಷ್ಟೋ ಮೊದಲಿನ ಮಾತು. ಹಾಗಾಗಿ ಎಲ್ಲ ಮೊಬೈಲಿನಿಂದಲೇ ಬಂತು ಅನ್ನಬೇಡಿ. ತಾಯಿಯ ಮೇಲೂ ಹಾಕಬೇಡಿ. ತಮ್ಮ ಹುಟ್ಟಿದಾಗ, ಅಪ್ಪ-ಅವ್ವ ದುಡಿಯಲು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋಗಿ ಮಗು ಆಯಿಯ, ಅಂದರೆ ಅಜ್ಜಿಯ ಹತ್ತಿರ ಉಳಿದಾಗ ಕೆಲವರಲ್ಲಿ ಶುರುವಾಗುತ್ತದೆ. ಇನ್ನು ಕೆಲವರಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಕಾರಣ ಸಿಗದಿದ್ದರೂ ರೂಢಿ ಬಿಡಿಸಬಹುದು. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಬಹಳ ಸಲ ತಾನಾಗಿಯೇ ಹೋಗುತ್ತದೆ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಶುರುವಾದದ್ದು ಜಾಸ್ತಿ ದಿನ ಉಳಿಯುತ್ತದೆ.

ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಬೋಳಾದ ತಲೆಯೆಲ್ಲ ಕಿತ್ತದ್ದೇ ಅಂತಲ್ಲ. ಶಿಲೀಂಧ್ರದ ಸೋಂಕಾದರೆ ಹೊಟ್ಟು ಏಳುತ್ತದೆ, ತುರಿಸುತ್ತದೆ. ಇನ್ನೊಂದು ರೋಗದಲ್ಲಿ ನಾಣ್ಯದಂತೆ ದುಂಡಗೆ, ನುಣ್ಣಗೆ ಕೂದಲು ಉದುರುತ್ತದೆ. ಕಿತ್ತ ಜಾಗದಲ್ಲಾದರೆ ಗಿಡ್ಡ, ಉದ್ದ, ತುಂಡಾದ ಕೂದಲು ಕಲಸಿಕೊಂಡು ನಿಂತಿರುತ್ತದೆ.

ಆಮೇಲೆ ಒಂದು ವಾರ ಸುಮ್ನೆ ನೋಡಿ. ಬೈಯಬೇಡಿ, ಕೈ ಎಳೆಯಬೇಡಿ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದಲ್ಲಿ ಒಂದೆರಡು ಶಬ್ದ ಬರೆಯಿರಿ. ಯಾವ ಹೊತ್ತು, ಎಲ್ಲಿ ಕೂತಿತ್ತು, ಯಾವ ಕೈ, ಕಿತ್ತ ಮೇಲೆ ಕೂದಲನ್ನು ಏನು ಮಾಡಿತು. ಬರೆಯಲು ಬಾರದವರು ಸೂರ್ಯ, ಚಂದ್ರನ ಗುರುತು ಹಾಕಿದರೂ ಸಾಕು. ವಾರ ಮುಗಿಯುವಷ್ಟರಲ್ಲಿ ನಿಮಗೇ ತಿಳಿಯುತ್ತದೆ. ಸಿಂದಗಿಯ ಹುಡುಗಿ ಆಟವಾಡುವಾಗ ಒಮ್ಮೆಯೂ ತಲೆ ಮುಟ್ಟುತ್ತಿರಲಿಲ್ಲ. ನಿದ್ದೆ ಬರುವಾಗ, ಮೊಬೈಲ್ ನೋಡುವಾಗ ಮಾತ್ರ ಕೈ ಏಳುತ್ತಿತ್ತು.

ಅಮೆರಿಕದ ಆಜ್ರಿನ್ ಮತ್ತು ನನ್ ಎಂಬ ಇಬ್ಬರು ಮನೋವಿಜ್ಞಾನಿಗಳು 1973ರಲ್ಲಿ ಇಂಥ ರೂಢಿ ಬಿಡಿಸುವ ಕ್ರಮವೊಂದನ್ನು ಪ್ರಕಟಿಸಿದರು. ಕೈ ಹೋಗುವುದು ಮಗುವಿಗೇ ಗೊತ್ತಾಗಬೇಕು. ಆ ಹೊತ್ತಿಗೆ ಕೈಗೆ ಬೇರೆ ಕೆಲಸ ಸಿಗಬೇಕು. ಮನೆಯವರು ಬೆನ್ನಿಗೆ ನಿಲ್ಲಬೇಕು. ಇವತ್ತಿಗೂ ವೈದ್ಯರು ಮೊದಲು ಹಿಡಿಯುವ ದಾರಿ ಅದೇ. ಇದಕ್ಕೆ ಬೇಕಾದದ್ದು ನಮ್ಮ ಅಡುಗೆಮನೆಯಲ್ಲೇ ಇದೆ. ರೊಟ್ಟಿ ಬಡಿಯುವಾಗ ನಾದಿದ ಜೋಳದ ಹಿಟ್ಟು ನಿಂಬೆಹಣ್ಣಿನಷ್ಟು ಮಗುವಿನ ಕೈಗೆ ಕೊಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತಾರಲ್ಲ, ಆ ಎರೆಮಣ್ಣನ್ನು ವರ್ಷವಿಡೀ ಹಸಿಯಾಗಿಟ್ಟರೆ ಆಗದೇ? ಆ ಹುಡುಗಿಗೆ ಬೇಕಾಗಿದ್ದದ್ದು ತುಟಿಗೆ ನುಣುಪು. ಅವಳ ಆಯಿ ಹಳೆಯ ಇಳಕಲ್ ಸೀರೆಯ ರೇಷ್ಮೆ ಸೆರಗಿನ ಒಂದು ತುಂಡನ್ನು ಮಡಚಿ, ಎಳೆ ಬಿಚ್ಚದಂತೆ ಅಂಚು ಹೊಲಿದು, ಕೌದಿಯ ಮೂಲೆಗೆ ಗಟ್ಟಿಯಾಗಿ ಕೂಡಿಸಿದರು. ಮಲಗುವಾಗ ಅವಳು ಅದನ್ನೇ ಹಿಡಿದು ಸವರಿಕೊಳ್ಳತೊಡಗಿದಳು. ಯಾವ ಪುಸ್ತಕವೂ ಆಯಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಮೊಮ್ಮಗಳನ್ನು ಒಂದು ವಾರ ಕಣ್ಣಿಟ್ಟು ನೋಡಿದ್ದರು, ಅಷ್ಟೇ.

ಕೂದಲಿಗೆ ಎಣ್ಣೆ ಹಚ್ಚಿ ಹೆಣೆದರೆ ಎಳೆ ಜಾರುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಬೆರಳ ತುದಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿದರೆ ಕೈ ಏಳುವುದು ಮಗುವಿಗೇ ನೆನಪಾಗುತ್ತದೆ. ಹೊಗಳುವಾಗ "ಇವತ್ತ ಕಿತ್ತಿಲ್ಲ, ಶಾಣ್ಯಾಕಿ" ಅನ್ನಬೇಡಿ. ನಾಳೆ ಕಿತ್ತರೆ ಅದು ಶಾಣ್ಯಾಕಿ ಅಲ್ಲ ಅಂತಾಗುತ್ತದೆ. "ಹಿಟ್ಟಿನಾಗ ಎಷ್ಟ್ ಚೆಂದ ಹಕ್ಕಿ ಮಾಡೀದಿ" ಅನ್ನಿ.

ತಲೆ ಬೋಳಿಸುವ ವಿಷಯ. ಸವದತ್ತಿ ಎಲ್ಲಮ್ಮನಿಗೆ ಮುಡಿ ಕೊಡುವುದು ನಿಮ್ಮ ಭಕ್ತಿ, ಅದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಶಿಕ್ಷೆ ಅಂತ ಬೋಳಿಸಬೇಡಿ. ಕೂದಲು ಬಂದ ಮೇಲೆ ಕೈಯೂ ವಾಪಸ್ ಬರಬಹುದು. ನಡುವೆ ಮಗು ಅನುಭವಿಸಿದ ನಾಚಿಕೆ ಮಾತ್ರ ಉಳಿದುಬಿಡುತ್ತದೆ. ಬಂದವರ ಮುಂದೆಲ್ಲ ಮಗುವಿನ ತಲೆ ತೋರಿಸುವುದನ್ನೂ ದಯವಿಟ್ಟು ಬಿಡಿ. ಅಂಗನವಾಡಿ ಟೀಚರಿಗೆ ಮಾತ್ರ ಗುಟ್ಟಾಗಿ ಹೇಳಿ, ಟೊಪ್ಪಿಗೆ ಹಾಕಿಕೊಂಡು ಕೂರಲು ಬಿಡಿ ಎಂದು ಕೇಳಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬಾರದು. ಕಿತ್ತ ಕೂದಲನ್ನು ಮಗು ನುಂಗುತ್ತಿದೆಯೇ ನೋಡಿ. ಕೂದಲು ಹೊಟ್ಟೆಯಲ್ಲಿ ಕರಗುವುದಿಲ್ಲ. ಗಂಟಾಗಿ ಕೂಡುತ್ತದೆ. ಊಟ ಸೇರದಿದ್ದರೆ, ವಾಂತಿಯಾಗುತ್ತಿದ್ದರೆ, ಹೊಟ್ಟೆನೋವು ಮತ್ತೆ ಮತ್ತೆ ಬರುತ್ತಿದ್ದರೆ, ಮಗು ಸೊರಗುತ್ತಿದ್ದರೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಕೆಲವು ಸಲ ಆಪರೇಶನ್ ಮಾಡಿಯೇ ತೆಗೆಯಬೇಕಾಗುತ್ತದೆ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಬೋಳು ತುಂಬಲು ತಿಂಗಳುಗಳೇ ಬೇಕು. ನಡುವೆ ಜ್ವರ ಬಂದಾಗ, ಊರಿಗೆ ಹೋದಾಗ ಕೈ ಮತ್ತೆ ತಲೆಗೆ ಹೋಗಬಹುದು. ಗಾಬರಿ ಆಗಬೇಡಿ. ಹಿಟ್ಟಿನ ಉಂಡೆ ಮತ್ತೆ ಕೊಡಿ.

ಎರಡು ಮೂರು ತಿಂಗಳಾದರೂ ಕಡಿಮೆಯಾಗದಿದ್ದರೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಕೂಡ ಇದೆ. ಮನೋರೋಗ ಎಂಬ ಬೋರ್ಡು ನೋಡಿ ಹಿಂಜರಿಯಬೇಡಿ. ಮನೆಯಿಂದಲೇ ಕೇಳಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋಗುವಾಗ ಗುರುತು ಹಾಕಿದ ಆ ಕ್ಯಾಲೆಂಡರನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಡಾಕ್ಟರು ಕೇಳುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.

ನಮಸ್ಕಾರ.